ಐವತ್ತು ಜನಕ್ಕೊಂದು ಮಾಸ್ಟೊಡಾನ್ ಸರ್ವರ್: ಹಾಕುವುದು, ಕಾಯುವುದು

ಐವತ್ತು–ನೂರು ಜನರ ಬಳಗಕ್ಕೆ ಮಾಸ್ಟೊಡಾನ್ ಸರ್ವರ್ (ಬೇರೆ ಸರ್ವರ್‌ಗಳ ಜೊತೆಗೂ ಬೆಸೆದುಕೊಳ್ಳುವ ನಿಮ್ಮದೇ ಸಾಮಾಜಿಕ ಜಾಲತಾಣ) ಹಾಕಲು ಒಂದು ಭಾನುವಾರ ಸಾಕು. ಆರು ತಿಂಗಳಾದ ಮೇಲೂ ಅದು ನೆಟ್ಟಗೆ ನಡೆಯಬೇಕಾದರೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ: ಡಿಸ್ಕ್ ತುಂಬಿಸುವುದು, ಕ್ಯೂ (ಬಾಕಿ ಕೆಲಸಗಳ ಸರದಿ) ಕಟ್ಟಿಸುವುದು, ದೂರಿನ ಪೆಟ್ಟಿಗೆ ತುಂಬಿಸುವುದು ಬಹುಪಾಲು ನಿಮ್ಮ ಸದಸ್ಯರಲ್ಲ, ಹೊರಗಿನ ಸರ್ವರ್‌ಗಳು. ಆಕ್ಟಿವಿಟಿಪಬ್, ಅಂದರೆ ಈ ಸರ್ವರ್‌ಗಳು ಪರಸ್ಪರ ಮಾತಾಡುವ ಭಾಷೆ, ಕೆಲಸ ಮಾಡುವ ಬಗೆಯೇ ಹಾಗೆ. ನಿಮ್ಮವರೊಬ್ಬರು ಬೇರೆ ಸರ್ವರ್‌ನ ಯಾರನ್ನೋ ಫಾಲೋ ಮಾಡಿದರೆಂದರೆ, ಅಂದಿನಿಂದ ಆ ವ್ಯಕ್ತಿಯ ಪೋಸ್ಟು, ಫೋಟೊ, ವಿಡಿಯೊ ಎಲ್ಲ ನಿಮ್ಮ ಡಿಸ್ಕಿಗೂ ನಕಲಾಗಿ ಬಂದು ಕೂರುತ್ತವೆ.

ಹತ್ತು ಜನಕ್ಕಿಂತ ಕಡಿಮೆ ಇದ್ದೀರಾ? ಮಾಸ್ಟೊಡಾನ್ ಬೇಡ, ಗೋಟುಸೋಶಿಯಲ್ ಎಂಬ ಹಗುರ ತಂತ್ರಾಂಶ ಹಾಕಿ. ಗೋ ಭಾಷೆಯಲ್ಲಿ ಬರೆದ ಒಂದೇ ಬೈನರಿ, ಎಸ್‌ಕ್ಯೂಲೈಟ್ ಡೇಟಾಬೇಸ್ ಸಾಕು, 1 ಜಿಬಿ ಮೆಮೊರಿಯ ಯಂತ್ರದಲ್ಲೂ ಓಡುತ್ತದೆ. ಟೈಮ್‌ಲೈನ್ ನೋಡಲು ಅದರದೇ ಪುಟವಿಲ್ಲ, ಟಸ್ಕಿಯಂಥ ಆ್ಯಪ್‌ನಿಂದ ಒಳಹೋಗಬೇಕು. ಅದು ಮುಖ್ಯ ಕೊರತೆ. ದೂರು ನೋಡಲು ಮೂರ್ನಾಲ್ಕು ಜನರ ತಂಡ, ಒಬ್ಬೊಬ್ಬರಿಗೆ ಒಂದೊಂದು ಅಧಿಕಾರ ಎಂಬ ಮಟ್ಟಕ್ಕೆ ಬಳಗ ಬೆಳೆದಿದ್ದರೆ ಮಾತ್ರ ಮಾಸ್ಟೊಡಾನ್‌ನ ಭಾರ ಹೊರುವುದರಲ್ಲಿ ಅರ್ಥವಿದೆ.

ಹೆಸರು ಮೊದಲು

ಸಂರಚನೆಯ ಕಡತದಲ್ಲಿ ‘ಲೋಕಲ್ ಡೊಮೇನ್’ ಎಂಬ ಸಾಲಿದೆ. ಒಮ್ಮೆ ಬರೆದರೆ ಮುಗಿಯಿತು. ಬೇರೆ ಸರ್ವರ್‌ಗಳು ನಿಮ್ಮ ಸದಸ್ಯರನ್ನು ಗುರುತಿಡುವುದು ಆ ಹೆಸರಿನಿಂದಲೇ. ಬದಲಾಯಿಸಿದರೆ ಅವುಗಳ ಪಾಲಿಗೆ ಎಲ್ಲರೂ ಹೊಸಬರು, ಹಳೆಯ ಫಾಲೋವರ್‌ಗಳ ಕೊಂಡಿ ಕಳಚಿದಂತೆ. ಆ ಡೊಮೇನ್‌ನಲ್ಲಿ ಆಗಲೇ ಒಂದು ಜಾಲತಾಣ ಇದ್ದರೆ, ‘ವೆಬ್ ಡೊಮೇನ್’ ಸಾಲಿನಲ್ಲಿ ಒಂದು ಉಪಡೊಮೇನ್ ಕೊಟ್ಟು, ಮುಖ್ಯ ಡೊಮೇನ್‌ನ ವೆಬ್‌ಫಿಂಗರ್ ವಿಳಾಸವನ್ನು (ಬೇರೆ ಸರ್ವರ್‌ಗಳು ನಿಮ್ಮ ಸದಸ್ಯರನ್ನು ಹುಡುಕುವ ಜಾಗ) ಅತ್ತ ತಿರುಗಿಸಿ. ಆಗ ಸರ್ವರ್ ಉಪಡೊಮೇನ್‌ನಲ್ಲಿ ಇರುತ್ತದೆ, ಸದಸ್ಯರ ವಿಳಾಸ ಮಾತ್ರ ಚಿಕ್ಕದಾಗಿ ಮುಖ್ಯ ಹೆಸರಿನಲ್ಲೇ ಉಳಿಯುತ್ತದೆ.

ಅಗ್ಗದ, ಚೆಂದದ ದೇಶದ ಡೊಮೇನ್‌ಗಳಿಗೆ ಮರುಳಾಗಬೇಡಿ. 2023ರಲ್ಲಿ ಮಾಲಿ ದೇಶದ ಡಾಟ್ ಎಂಎಲ್ ಹೆಸರಿನ ಒಂದು ದೊಡ್ಡ ಲೆಮ್ಮಿ (ಆಕ್ಟಿವಿಟಿಪಬ್ ಬಳಸುವ ಚರ್ಚಾ ವೇದಿಕೆ) ಸರ್ವರ್ ರಾತ್ರೋರಾತ್ರಿ ಹೆಸರು ಕಳೆದುಕೊಂಡಿತು. 2024ರ ಫೆಬ್ರುವರಿಯಲ್ಲಿ ಅಫ್ಗಾನಿಸ್ತಾನದ ಡಾಟ್ ಎಎಫ್ ಬಳಸುತ್ತಿದ್ದ ಮಾಸ್ಟೊಡಾನ್ ಸರ್ವರ್ ಒಂದಕ್ಕೂ ಅದೇ ಗತಿ. ಡಾಟ್ ಇನ್ ಅಥವಾ ಡಾಟ್ ಆರ್ಗ್ ಸಾಕು. ನವೀಕರಣದ ಈಮೇಲ್ ಇಬ್ಬರಿಗೆ ಹೋಗುವಂತಿರಲಿ.

ಯಂತ್ರ ಮತ್ತು ಅದರ ಒಳಗಿನವು

2 ವರ್ಚುವಲ್ ಸಿಪಿಯು, 4 ಜಿಬಿ ಮೆಮೊರಿ, 80 ಜಿಬಿ ಎಸ್‌ಎಸ್‌ಡಿ ಇರುವ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್), ಜೊತೆಗೆ 2 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಕೆಯಾಗುವ ಡಿಸ್ಕ್ ಜಾಗ). ಸ್ವಾಪ್ ಬಿಡಬೇಡಿ. ಮೂಲ ಕೋಡ್‌ನಿಂದ ಹಾಕಿದವರು ಪ್ರತಿ ಅಪ್‌ಡೇಟ್‌ಗೂ ಅಸೆಟ್‌ಗಳನ್ನು (ಪುಟಗಳ ಸ್ಕ್ರಿಪ್ಟ್, ಶೈಲಿ ಕಡತಗಳು) ಕಂಪೈಲ್ ಮಾಡಬೇಕು. ಆಗ ಮೆಮೊರಿ ಏಕಾಏಕಿ ಏರುತ್ತದೆ, ಕರ್ನಲ್ ಆ ಪ್ರೊಸೆಸನ್ನೇ ಕೊಂದುಹಾಕುತ್ತದೆ. ತೆರೆಯ ಮೇಲೆ ‘ಕಿಲ್ಡ್’ ಎಂಬ ಒಂದು ಪದ ಬಿಟ್ಟರೆ ಕಾರಣ ಕಾಣುವುದಿಲ್ಲ. ತಂತ್ರಾಂಶವನ್ನು ಸಿದ್ಧ ಪೊಟ್ಟಣವಾಗಿ (ಇಮೇಜ್) ಓಡಿಸುವ ಡಾಕರ್‌ನಲ್ಲಿ ಈ ಕಾಟವಿಲ್ಲ, ಕಂಪೈಲ್ ಆದ ಇಮೇಜೇ ಸಿಗುತ್ತದೆ. ಸಣ್ಣ ಬಳಗಕ್ಕೆ ಡಾಕರ್ ದಾರಿಯೇ ಲೇಸು.

ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟು ನಡೆಸಬಹುದೇ? ಕರೆಂಟ್ ಹೋಗುವುದು ದೊಡ್ಡ ಅಡ್ಡಿಯಲ್ಲ: ಕಳಿಸಿದ್ದು ತಲುಪದಿದ್ದರೆ ಮಾಸ್ಟೊಡಾನ್ ಸರ್ವರ್‌ಗಳು ಹೆಚ್ಚೂಕಡಿಮೆ ಎರಡು ದಿನ, 16 ಸಲ ಮತ್ತೆ ಮತ್ತೆ ಯತ್ನಿಸುತ್ತವೆ. ಅಡ್ಡಿ ಇರುವುದು ಸಾರ್ವಜನಿಕ ಐಪಿ ವಿಳಾಸದಲ್ಲಿ. ನಮ್ಮಲ್ಲಿ ಬಹಳಷ್ಟು ಮನೆ ಸಂಪರ್ಕಗಳು ಸಿಜಿನ್ಯಾಟ್ (ಒಂದೇ ಸಾರ್ವಜನಿಕ ಐಪಿಯನ್ನು ಹಲವರಿಗೆ ಹಂಚುವ ವ್ಯವಸ್ಥೆ) ಹಿಂದೆ ಇರುತ್ತವೆ, ಹೊರಗಿನಿಂದ ಯಾರೂ ನಿಮ್ಮ ಬಾಗಿಲು ತಟ್ಟಲಾರರು.

ಒಳಗೆ ಐದು ಭಾಗಗಳು: ಪುಟ ಬಡಿಸುವ ಪ್ಯೂಮಾ, ಹಿನ್ನೆಲೆಯಲ್ಲಿ ದುಡಿಯುವ ಸೈಡ್‌ಕಿಕ್, ಟೈಮ್‌ಲೈನನ್ನು ಆಗಿಂದಾಗ ತಾಜಾ ಮಾಡುವ ಸ್ಟ್ರೀಮಿಂಗ್, ಮತ್ತೆ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್, ಕ್ಯೂ ಮತ್ತು ಟೈಮ್‌ಲೈನ್‌ಗಳನ್ನು ಮೆಮೊರಿಯಲ್ಲಿ ಇಡುವ ರೆಡಿಸ್. ಇವುಗಳ ಮುಂದೆ, ಹೊರಗಿನ ಕೋರಿಕೆಗಳನ್ನು ಬರಮಾಡಿಕೊಳ್ಳುವ ವೆಬ್ ಸರ್ವರ್ ಎಂಜಿನ್‌ಎಕ್ಸ್. 4.3ನೇ ಆವೃತ್ತಿಯಿಂದ ಸ್ಟ್ರೀಮಿಂಗ್‌ಗೆ ಬೇರೆಯೇ ಡಾಕರ್ ಇಮೇಜ್ ಇದೆ. ಡಾಕರ್‌ಗೆ ಯಾವ ಭಾಗ ಹೇಗೆ ಓಡಬೇಕೆಂದು ಹೇಳುವ ಹಳೆಯ ಕಂಪೋಸ್ ಕಡತವನ್ನೇ ಇಟ್ಟುಕೊಂಡು ಆವೃತ್ತಿ ಸಂಖ್ಯೆ ಮಾತ್ರ ಏರಿಸಿದವರಿಗೆ ಸೈಟ್ ತೆರೆಯುತ್ತದೆ, ಟೈಮ್‌ಲೈನ್ ಮಾತ್ರ ತಾನಾಗಿ ಕದಲುವುದಿಲ್ಲ.

ಮೊದಲ ದಿನ ಎಡವುವ ಜಾಗಗಳು ಇವು:

ಕಂಪೋಸ್ ಕಡತದಲ್ಲಿ 3000 ಮತ್ತು 4000ನೇ ಪೋರ್ಟ್‌ಗಳ ಮುಂದೆ 127.0.0.1 ಎಂದಿರುತ್ತದೆ. ‘ಯಾಕೋ ತೆರೆಯುತ್ತಿಲ್ಲ’ ಎಂದು ಅದನ್ನು ಅಳಿಸಿದರೆ ಪೋರ್ಟ್ ಇಡೀ ಜಗತ್ತಿಗೆ ತೆರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದೇನಲ್ಲ ಎಂಬ ಧೈರ್ಯ ಬೇಡ. ಡಾಕರ್ ತನ್ನ ನಿಯಮಗಳನ್ನು ನೇರ ಐಪಿಟೇಬಲ್ಸ್‌ಗೆ (ಲಿನಕ್ಸ್‌ನ ಒಳಗಿನ ಜಾಲ ನಿಯಮಗಳ ಪಟ್ಟಿ) ಬರೆಯುತ್ತದೆ, ಯುಎಫ್‌ಡಬ್ಲ್ಯೂ ಅದನ್ನು ತಡೆಯುವುದಿಲ್ಲ.

ಎಂಜಿನ್‌ಎಕ್ಸ್‌ನ ಮೂಲ ಮಿತಿ 1 ಎಂಬಿ. ಮಾಸ್ಟೊಡಾನ್ ಜೊತೆ ಬರುವ ಮಾದರಿ ಕಡತವನ್ನು ಬಳಸದೆ ಸ್ವಂತ ಕಡತ ಬರೆದವರ ಸದಸ್ಯರಿಗೆ ಫೋಟೊ ಏರಿಸುವಾಗ 413 ದೋಷ ಬರುವುದು ಇದರಿಂದಲೇ.

ಮುಂದೆ ಕ್ಲೌಡ್‌ಫ್ಲೇರ್‌ನಂಥ ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಇದ್ದರೆ ವಿಶ್ವಾಸಾರ್ಹ ಪ್ರಾಕ್ಸಿಗಳ ಐಪಿ ಪಟ್ಟಿಯನ್ನು ಸಂರಚನೆಯಲ್ಲಿ ಕೊಡಿ. ಇಲ್ಲದಿದ್ದರೆ ಎಲ್ಲ ಸದಸ್ಯರೂ ಪ್ರಾಕ್ಸಿಯ ಐಪಿಯಿಂದಲೇ ಬಂದಂತೆ ಕಾಣುತ್ತಾರೆ. ಒಬ್ಬ ತಪ್ಪು ಪಾಸ್‌ವರ್ಡ್ ಕೊಡುತ್ತ ಹೋದರೆ ಇಡೀ ಬಳಗಕ್ಕೆ ಬಾಗಿಲು ಮುಚ್ಚುತ್ತದೆ.

ಗಡಿಯಾರ ಸರಿಯಿರಲಿ. ಸರ್ವರ್‌ಗಳ ನಡುವಿನ ಪ್ರತಿ ಸಂದೇಶಕ್ಕೂ ದಿನಾಂಕ ಸೇರಿಸಿ ಸಹಿ ಹಾಕಲಾಗುತ್ತದೆ. ಸಮಯ ತೀರ ಹಿಂದೆ ಮುಂದೆ ಆದರೆ ಎದುರಿನವರು 401 ಎಂದು ವಾಪಸ್ ಕಳಿಸುತ್ತಾರೆ.

ಈಮೇಲ್‌ಗೆ 25ನೇ ಪೋರ್ಟನ್ನು ಅನೇಕ ವಿಪಿಎಸ್ ಕಂಪನಿಗಳು ಮುಚ್ಚಿರುತ್ತವೆ. ಈಮೇಲ್ ಸೇವೆಯೊಂದರ ಮೂಲಕ 587ರಲ್ಲಿ ಕಳಿಸಿ, ಈಮೇಲ್ ನಿಮ್ಮದೇ ಎಂದು ಸಾಬೀತುಮಾಡುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಡಿಎನ್‌ಎಸ್‌ಗೆ ಸೇರಿಸಿ. ಆದರೆ ಮೊದಲ ಮಾಲೀಕ ಖಾತೆಗೆ ಈಮೇಲ್‌ಗಾಗಿ ಕಾಯಬೇಕಿಲ್ಲ. ಟೂಟ್‌ಸಿಟಿಎಲ್ ಎಂಬ ಆಡಳಿತದ ಉಪಕರಣದಿಂದಲೇ ಖಾತೆ ತೆರೆದು, ದೃಢೀಕರಿಸಿ, ಓನರ್ ಪಾತ್ರ ಕೊಡಬಹುದು. ಒಳಹೋದಾಗ ‘ಅನುಮೋದನೆ ಬಾಕಿ’ ಎಂದು ಬಂದರೆ ಅದನ್ನೂ ಅಲ್ಲೇ ಕೊಡಿ. ತನ್ನ ಮನೆಗೇ ತಾನು ಅರ್ಜಿ ಹಾಕಿ ಕಾಯುವ ಈ ಫಜೀತಿ ಅಪರೂಪದ್ದೇನಲ್ಲ.

ಕ್ಯೂ, ಡಿಸ್ಕ್, ಬ್ಯಾಕಪ್

‘ನಾನು ಬರೆದದ್ದು ಯಾರಿಗೂ ಕಾಣುತ್ತಿಲ್ಲ’ ಎಂದು ಸದಸ್ಯರು ಹೇಳಿದರೆ ಮೊದಲು ನೋಡಬೇಕಾದ್ದು ಸೈಡ್‌ಕಿಕ್ ಪುಟ. ಅಲ್ಲಿ ಕ್ಯೂಗಳ ಉದ್ದಕ್ಕಿಂತ ಲೇಟೆನ್ಸಿ (ಕೆಲಸ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂಬುದು) ಮುಖ್ಯ. ಸ್ಥಳೀಯ ಕೆಲಸಗಳ ‘ಡಿಫಾಲ್ಟ್’ ಕ್ಯೂ ಕೆಲವೇ ಸೆಕೆಂಡುಗಳಲ್ಲಿರಬೇಕು. ಹೊರಗಿನಿಂದ ಬರುವ ‘ಇಂಗ್ರೆಸ್’, ಹೊರಗೆ ಹೋಗುವ ‘ಪುಶ್’ ನಿಮಿಷಗಟ್ಟಲೆ ಹಿಂದುಳಿದರೆ ಅವಕ್ಕೆ ಇನ್ನೊಂದು ಸೈಡ್‌ಕಿಕ್ ಪ್ರೊಸೆಸ್ ಓಡಿಸಿ. ಆದರೆ ನಿಗದಿತ ಸಮಯದ ಕೆಲಸಗಳ ‘ಶೆಡ್ಯೂಲರ್’ ಕ್ಯೂ ಒಂದೇ ಪ್ರೊಸೆಸ್‌ನಲ್ಲಿರಬೇಕು, ಎರಡರಲ್ಲಿ ಇಡಬಾರದು. ಲೆಕ್ಕವೂ ನೋಡಿಕೊಳ್ಳಿ: ಸೈಡ್‌ಕಿಕ್ ಎರಡು ಪ್ರೊಸೆಸ್, ತಲಾ 10 ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ) ಎಂದರೆ 20 ಡೇಟಾಬೇಸ್ ಸಂಪರ್ಕ, ಪ್ಯೂಮಾ 2 ವರ್ಕರ್, ತಲಾ 5 ಎಂದರೆ 10, ಸ್ಟ್ರೀಮಿಂಗ್‌ಗೆ 10. ಒಟ್ಟು 40. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100, ಹಾಗಾಗಿ ಚಿಂತೆಯಿಲ್ಲ. ಡೇಟಾಬೇಸ್ ಪೂಲ್ ಸಂಖ್ಯೆ (ಒಂದು ಪ್ರೊಸೆಸ್ ತೆರೆಯಬಹುದಾದ ಡೇಟಾಬೇಸ್ ಸಂಪರ್ಕಗಳು) ಆಯಾ ಪ್ರೊಸೆಸ್‌ನ ಥ್ರೆಡ್ ಸಂಖ್ಯೆಗಿಂತ ಕಡಿಮೆಯಿದ್ದರೆ ಹೆಚ್ಚುವರಿ ಥ್ರೆಡ್‌ಗಳು ಸುಮ್ಮನೆ ಬಾಯಿ ತೆರೆದುಕೊಂಡು ಕಾಯುತ್ತವೆ.

ಸತ್ತ ಸರ್ವರ್‌ಗಳಿಗೆ ಹೋಗುವ ಕೆಲಸಗಳು ‘ರೀಟ್ರೈ’ ಪಟ್ಟಿಯಲ್ಲಿ ನೂರಾರು ಕಾಣುತ್ತವೆ. ಗಾಬರಿ ಬೇಡ. ಏಳು ದಿನ ವಿಫಲವಾದರೆ ಮಾಸ್ಟೊಡಾನ್ ತಾನೇ ಆ ಸರ್ವರ್‌ಗೆ ಕಳಿಸುವುದನ್ನು ನಿಲ್ಲಿಸುತ್ತದೆ.

ಡಿಸ್ಕ್ ಕತೆ ಬೇರೆ, ಅದು ತಾನಾಗಿ ಸರಿಹೋಗದು. ಸರ್ವರ್ ಸೆಟ್ಟಿಂಗ್‌ನಲ್ಲಿ ಹೊರಗಿನ ಮೀಡಿಯಾ ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬುದಕ್ಕೆ 7 ಎಂದು ಕೊಡಿ. ಹಳೆಯ ಪೋಸ್ಟ್ ತೆರೆದಾಗ ಚಿತ್ರ ಮೂಲ ಸರ್ವರ್‌ನಿಂದ ಮತ್ತೆ ಬರುತ್ತದೆ, ನಷ್ಟವಿಲ್ಲ. ಇದರ ಪಕ್ಕದಲ್ಲೇ ಹೊರಗಿನ ಪೋಸ್ಟ್‌ಗಳನ್ನೇ ಅಳಿಸುವ ಇನ್ನೊಂದು ಪೆಟ್ಟಿಗೆ ಇದೆ. ಅದನ್ನು ಖಾಲಿ ಬಿಡಿ. ಅಲ್ಲಿ ಸಂಖ್ಯೆ ಕೊಟ್ಟರೆ ನಿಮ್ಮವರು ಬುಕ್‌ಮಾರ್ಕ್ ಮಾಡಿಟ್ಟದ್ದು, ಬೇರೆ ಸರ್ವರ್‌ನ ಗೆಳೆಯರ ಜೊತೆಗಿನ ಖಾಸಗಿ ಮಾತು ಎಲ್ಲ ಹೋಗುತ್ತವೆ, ಮತ್ತೆ ಬರುವುದಿಲ್ಲ. ಲಿಂಕ್‌ಗಳ ಮುನ್ನೋಟದ ಚಿತ್ರಗಳನ್ನು ಟೂಟ್‌ಸಿಟಿಎಲ್‌ನಿಂದ ತಿಂಗಳಿಗೊಮ್ಮೆ ತೆಗೆಯಿರಿ. ಎಲ್ಲಿ ಎಷ್ಟು ತುಂಬಿದೆ ಎಂದು ಅದರ ‘ಮೀಡಿಯಾ ಯೂಸೇಜ್’ ಹೇಳುತ್ತದೆ. ಟೈಮ್‌ಲೈನ್ ಬಿಕೋ ಎನ್ನುತ್ತಿದೆ ಎಂದು ದೊಡ್ಡ ರಿಲೇಗೆ (ಹಲವು ಸರ್ವರ್‌ಗಳ ಪೋಸ್ಟ್‌ಗಳನ್ನು ಒಟ್ಟಾಗಿ ಹಂಚುವ ಸೇವೆ) ಸೇರುವುದು ಸಣ್ಣ ಸರ್ವರ್‌ಗೆ ತಕ್ಕದ್ದಲ್ಲ. ಯಾರೂ ಕೇಳದ ಸಾವಿರಾರು ಜನರ ಪೋಸ್ಟ್‌ಗಳು ಡೇಟಾಬೇಸ್‌ಗೆ ಸುರಿಯುತ್ತವೆ, ಮಾಡರೇಟರ್‌ಗಳ ಕಣ್ಣಿಗೂ ಬೀಳುತ್ತವೆ.

ಬ್ಯಾಕಪ್‌ನಲ್ಲಿ ಮೂರು ವಸ್ತು ಇರಲೇಬೇಕು: ಪೋಸ್ಟ್‌ಗ್ರೆಸ್ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು), ಗುಟ್ಟಿನ ಕೀಲಿಗಳಿರುವ ಸಂರಚನೆಯ ಕಡತ, ಸದಸ್ಯರ ಮೀಡಿಯಾ. ಮೀಡಿಯಾದ ಒಳಗಿನ ‘ಕ್ಯಾಶ್’ ಫೋಲ್ಡರ್ ಹೊರಗಿನವರದು, ಅದನ್ನು ಬಿಟ್ಟರೆ ಬ್ಯಾಕಪ್ ಗಾತ್ರ ನಾಟಕೀಯವಾಗಿ ಇಳಿಯುತ್ತದೆ. ಜನ ಮರೆಯುವುದು ಎರಡನೆಯದನ್ನು. 4.3ರಿಂದ ಡೇಟಾಬೇಸ್‌ನ ಕೆಲ ಭಾಗ ಆ ಕಡತದ ಕೀಲಿಗಳಿಂದ ಗೂಢಲಿಪಿಯಲ್ಲಿ ಇರುತ್ತದೆ. ಕೀಲಿ ಕಳೆದರೆ ಡಂಪ್ ಇದ್ದೂ ಅಷ್ಟು ಭಾಗ ಇಲ್ಲದಂತೆಯೇ. ರೆಡಿಸ್ ಕಳೆದರೆ ಟೂಟ್‌ಸಿಟಿಎಲ್‌ನ ‘ಫೀಡ್ಸ್ ಬಿಲ್ಡ್’ ಹೋಮ್ ಟೈಮ್‌ಲೈನ್‌ಗಳನ್ನು ಮತ್ತೆ ಕಟ್ಟಿಕೊಡುತ್ತದೆ, ಆದರೆ ಕ್ಯೂನಲ್ಲಿದ್ದ ಕೆಲಸಗಳು ಹೋದವೇ. ಮೂರು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡಿ, ಆದರೆ ಆ ಯಂತ್ರದಲ್ಲಿ ಸೈಡ್‌ಕಿಕ್ ಚಾಲೂ ಮಾಡಬೇಡಿ. ಮಾಡಿದರೆ ಅದು ನಿಜವಾದ ಸರ್ವರ್ ತಾನೇ ಎಂದುಕೊಂಡು ಹೊರಗೆ ಸಂದೇಶ ಕಳಿಸಲು ಶುರುವಿಡುತ್ತದೆ.

ಭದ್ರತಾ ಅಪ್‌ಡೇಟ್ ಬಂದ ದಿನವೇ ಹಾಕಿ. 2023ರ ಜುಲೈನಲ್ಲಿ ಸರಿಪಡಿಸಿದ ದೋಷದಲ್ಲಿ ಒಂದು ಮೀಡಿಯಾ ಕಡತದಿಂದಲೇ ಸರ್ವರ್‌ನ ಒಳಗೆ ಬೇಕಾದ ಕಡತ ಬರೆಯಬಹುದಿತ್ತು. 2024ರ ಫೆಬ್ರುವರಿಯದ್ದು ಹೊರಗಿನ ಯಾವುದೇ ಖಾತೆಯ ವೇಷ ಹಾಕಲು ಬಿಡುವಂಥದ್ದು.

ಬಾಗಿಲು

ನೋಂದಣಿಯನ್ನು ‘ಅನುಮೋದನೆ ಬೇಕು’ ಎಂಬಲ್ಲಿಯೇ ಇಡಿ. 2024ರ ಫೆಬ್ರುವರಿಯ ಸ್ಪ್ಯಾಮ್ ಹಾವಳಿ ನಡೆದದ್ದು ಬಾಗಿಲು ತೆರೆದಿಟ್ಟು ಮಾಲೀಕರು ಮರೆತುಹೋಗಿದ್ದ ಸಣ್ಣ ಸಣ್ಣ ಸರ್ವರ್‌ಗಳಿಂದ. ಅದಾದ ಮೇಲೆ, ಮಾಡರೇಟರ್‌ಗಳ ಸುಳಿವೇ ಒಂದು ವಾರ ಇಲ್ಲದಿದ್ದರೆ ಮುಕ್ತ ನೋಂದಣಿಯನ್ನು ಮಾಸ್ಟೊಡಾನ್ ತಾನಾಗಿ ಅನುಮೋದನೆಗೆ ಬದಲಿಸುವಂತೆ ಮಾಡಲಾಯಿತು. ಸೇರುವ ಕಾರಣ ಕೇಳುವ ಪೆಟ್ಟಿಗೆಗೆ ನಿಮ್ಮ ಬಳಗಕ್ಕೆ ಮಾತ್ರ ಹೊಂದುವ ಪ್ರಶ್ನೆ ಇಡಿ. ‘ಯಾಕೆ ಸೇರಬೇಕು’ ಎಂದರೆ ಯಂತ್ರವೂ ಸೊಗಸಾಗಿ ಉತ್ತರ ಬರೆಯುತ್ತದೆ. ‘ನಮ್ಮ ನಿಯಮಗಳಲ್ಲಿ ಮೂರನೆಯದು ನಿಮಗೆ ಹೇಗೆ ಅನ್ವಯಿಸುತ್ತದೆ’ ಎಂದರೆ ಓದಿದವರು ಯಾರೆಂದು ತಿಳಿಯುತ್ತದೆ.

ಐಪಿ ತಡೆ ಹಾಕುವಾಗ ಸಿಜಿನ್ಯಾಟ್ ಮತ್ತೆ ಎದುರಾಗುತ್ತದೆ. ಮೊಬೈಲ್ ಜಾಲದ ಒಂದು ಐಪಿವಿ4 ವಿಳಾಸದ ಹಿಂದೆ ಅದೆಷ್ಟೋ ಜನ ಇರುತ್ತಾರೆ. ಪೂರ್ತಿ ತಡೆಯುವ ಬದಲು ‘ನೋಂದಣಿಗೆ ಅನುಮೋದನೆ’ ಮಟ್ಟದ ನಿಯಮ ಹಾಕಿ, ಅವಧಿ ಎರಡು ವಾರ ಕೊಡಿ. ಬಳಸಿ ಬಿಸಾಡುವ ಈಮೇಲ್ ಡೊಮೇನ್ ತಡೆಯುವಾಗ ಅದರ ಎಂಎಕ್ಸ್ ದಾಖಲೆಯನ್ನೂ (ಮೇಲ್ ಸರ್ವರ್ ಯಾವುದೆಂದು ಹೇಳುವುದು) ಸೇರಿಸಿ. ಹೆಸರು ದಿನಕ್ಕೊಂದು ಬದಲಾದರೂ ಹಿಂದಿನ ಮೇಲ್ ಸರ್ವರ್ ಅದೇ ಇರುತ್ತದೆ.

ನಿಯಮಗಳು ಐದಾರು ಸಾಕು. ಪ್ರತಿಯೊಂದೂ ಒಂದು ಸಾಲು, ಯಾಕೆಂದರೆ ದೂರು ಕೊಡುವವರಿಗೆ ‘ಯಾವ ನಿಯಮ ಮುರಿದಿದೆ’ ಎಂದು ಇದೇ ಪಟ್ಟಿ ತೋರುತ್ತದೆ. ‘ಗೌರವದಿಂದ ವರ್ತಿಸಿ’ ಎಂಬುದು ನಿಯಮವಲ್ಲ, ಹಾರೈಕೆ. ‘ಜಾತಿ, ಧರ್ಮ, ಲಿಂಗ ಹಿಡಿದು ಬೈಯುವಂತಿಲ್ಲ’ ಎಂಬುದು ನಿಯಮ. 4.4ರಿಂದ ನಿಯಮಗಳಿಗೆ ಭಾಷಾವಾರು ಅನುವಾದ ಸೇರಿಸಬಹುದು. ಕನ್ನಡದಲ್ಲೇ ಯೋಚಿಸಿ ಬರೆದು ಆಮೇಲೆ ಇಂಗ್ಲಿಷಿಗೆ ತನ್ನಿ.

ಒಂದು ದೂರನ್ನು ಬಿಡಿಸಿದರೆ

ನಿಮ್ಮ ಸದಸ್ಯೆಯೊಬ್ಬರಿಗೆ ಬೇರೆ ಸರ್ವರ್‌ನವನೊಬ್ಬ ಹೊಲಸು ಉತ್ತರ ಬರೆದಿದ್ದಾನೆ, ದೂರು ಬಂದಿದೆ ಎನ್ನೋಣ. ಮೊದಲು ‘ನನಗೆ ವಹಿಸು’ ಒತ್ತಿ, ಇಲ್ಲದಿದ್ದರೆ ಇಬ್ಬರು ಮಾಡರೇಟರ್‌ಗಳು ಎರಡು ತೀರ್ಪು ಕೊಡುತ್ತಾರೆ. ಲಗತ್ತಾದ ಪೋಸ್ಟ್ ಒಂದನ್ನೇ ಓದಬೇಡಿ, ಇಡೀ ಮಾತುಕತೆ ತೆರೆಯಿರಿ. ಗೆಳೆಯರ ಕಾಲೆಳೆದಾಟ ಬಿಡಿಯಾಗಿ ನೋಡಿದಾಗ ಬೈಗುಳದಂತೆಯೇ ಕಾಣುತ್ತದೆ. ಆ ಖಾತೆಯ ಮೇಲೆ ಹಳೆಯ ದೂರು, ಟಿಪ್ಪಣಿ ಇದೆಯೇ ನೋಡಿ.

ಈಗ ನಿರ್ಧಾರ. ‘ಲಿಮಿಟ್’ ಎಂದರೆ ಅವನನ್ನು ಆಗಲೇ ಫಾಲೋ ಮಾಡುವವರಿಗೆ ಬಿಟ್ಟು ಉಳಿದವರ ಕಣ್ಣಿಂದ ಮರೆ. ‘ಸಸ್ಪೆಂಡ್’ ಎಂದರೆ ನಿಮ್ಮ ಸರ್ವರ್‌ನ ಮಟ್ಟಿಗೆ ಅವನಿಲ್ಲ. ಎರಡೂ ನಿಮ್ಮ ಮನೆಯೊಳಗಿನ ಕ್ರಮ. ಅವನ ಸರ್ವರ್‌ನಲ್ಲಿ ಏನೂ ಅಳಿಯುವುದಿಲ್ಲ. ಅಲ್ಲಿ ಕ್ರಮ ಆಗಬೇಕಾದರೆ ದೂರನ್ನು ಅವರಿಗೆ ರವಾನಿಸಬೇಕು, ಅದು ದೂರು ಕೊಡುವವರ ಆಯ್ಕೆ. ರವಾನೆಯಾದಾಗ ಅವರ ಹೆಸರು ಹೋಗುವುದಿಲ್ಲ, ಸರ್ವರ್‌ನ ಹೆಸರಿನಲ್ಲಿ ಹೋಗುತ್ತದೆ. ಆದರೆ ಅವರು ಬರೆದ ವಿವರಣೆ ಇದ್ದಂತೆಯೇ ಹೋಗುತ್ತದೆ. ‘ನನಗೆ ಹೀಗಂದ’ ಎಂದು ಬರೆದಿದ್ದರೆ ಗುಟ್ಟು ಅಲ್ಲಿಗೆ ಮುಗಿಯಿತು. ಎದುರಿನ ಸರ್ವರ್‌ನ ಆಡಳಿತಗಾರನೇ ಪುಂಡನಾಗಿದ್ದರೆ ರವಾನಿಸುವುದು ಅವನ ಕೈಗೆ ದೂರುದಾರರ ಸುಳಿವು ಕೊಟ್ಟಂತೆ. ಈ ಮಾತನ್ನು ಸದಸ್ಯರಿಗೆ ಮೊದಲ ವಾರವೇ ಹೇಳಿಡಿ.

ತಪ್ಪು ನಿಮ್ಮದೇ ಸದಸ್ಯರದ್ದಾದರೆ ಮೆಟ್ಟಿಲು ಹೆಚ್ಚು: ಎಚ್ಚರಿಕೆ, ಪೋಸ್ಟ್ ಅಳಿಸುವುದು, ಫ್ರೀಜ್ (ಖಾತೆ ಬಳಸದಂತೆ ತಡೆಯುವುದು), ಲಿಮಿಟ್, ಕೊನೆಗೆ ಸಸ್ಪೆಂಡ್. ಎಚ್ಚರಿಕೆಯಲ್ಲಿ ಯಾವ ಪೋಸ್ಟ್, ಯಾವ ನಿಯಮ ಎಂದು ಬರೆಯಿರಿ. ಅವರು 20 ದಿನದೊಳಗೆ ಮೇಲ್ಮನವಿ ಹಾಕಬಹುದು. ಅದನ್ನು ಮೊದಲ ತೀರ್ಪು ಕೊಟ್ಟವರು ನೋಡಬಾರದು. ಸಸ್ಪೆಂಡ್ ಆದ ಖಾತೆಯ ದತ್ತಾಂಶ 30 ದಿನ ಉಳಿದು ಆಮೇಲೆ ಅಳಿಯುತ್ತದೆ, ಅಲ್ಲಿಯವರೆಗೆ ಹಿಂತೆಗೆಯಲು ಅವಕಾಶವಿದೆ. ಮಾಡರೇಟರ್ ಪಾತ್ರಕ್ಕೆ ಸೈಡ್‌ಕಿಕ್, ಸರ್ವರ್ ಸೆಟ್ಟಿಂಗ್ ಅನುಮತಿ ಬೇಡ, ಎರಡು ಹಂತದ ಲಾಗಿನ್ ಕಡ್ಡಾಯ. ಖಾಸಗಿ ಉಲ್ಲೇಖಗಳು (ಹೆಸರಿಸಿದವರಿಗಷ್ಟೇ ಹೋಗುವ ಪೋಸ್ಟ್‌ಗಳು) ಗೂಢಲಿಪಿಯಲ್ಲಿ ಇರುವುದಿಲ್ಲ, ಡೇಟಾಬೇಸ್ ತೆರೆಯಬಲ್ಲವರು ಓದಬಲ್ಲರು. ಬೇಲಿಯೇ ಎದ್ದು ಹೊಲ ಮೇಯುವ ಸಾಧ್ಯತೆ ಇಲ್ಲೇ ಇರುವುದು, ಹಾಗಾಗಿ ಆ ಪ್ರವೇಶ ಇಬ್ಬರಿಗೆ ಮೀರದಿರಲಿ.

ಇಡೀ ಸರ್ವರ್ ತಡೆಯುವುದು

ಒಬ್ಬನ ಕಾಟಕ್ಕೆ ಅವನ ಸರ್ವರನ್ನೇ ಸಸ್ಪೆಂಡ್ ಮಾಡುವುದು ನೆಗಡಿಗೆ ಮೂಗು ಕೊಯ್ದಂತೆ. ಡೊಮೇನ್ ಸಸ್ಪೆಂಡ್ ಒತ್ತಿದ ಕ್ಷಣ ಎರಡೂ ಕಡೆಯ ಫಾಲೋ ಸಂಬಂಧಗಳು ಕಡಿಯುತ್ತವೆ, ಆಮೇಲೆ ಹಿಂತೆಗೆದರೂ ಅವು ಮರಳುವುದಿಲ್ಲ. 4.3ರಿಂದ ಹೀಗೆ ಸಂಬಂಧ ಕಳೆದುಕೊಂಡ ಸದಸ್ಯರಿಗೆ ಸೂಚನೆಯೂ ಪಟ್ಟಿಯೂ ಸಿಗುತ್ತವೆ, ಸಮಾಧಾನ ಅಷ್ಟೇ. ಮೊದಲು ಆ ಸರ್ವರ್‌ನ ಪುಟದಲ್ಲಿ ನಿಮ್ಮವರ ಎಷ್ಟು ಫಾಲೋಗಳಿವೆ ನೋಡಿ. ಒಂದಾದರೂ ಇದ್ದರೆ ಲಿಮಿಟ್‌ನಿಂದ ಶುರುಮಾಡಿ, ಚಿತ್ರಗಳೇ ತೊಂದರೆಯಾದರೆ ‘ಮೀಡಿಯಾ ತಿರಸ್ಕರಿಸು’ ಸೇರಿಸಿ. ದ್ವೇಷವೇ ಕಸುಬಾದ ಸರ್ವರ್‌ಗಳಿಗೆ ಈ ಉಪಚಾರ ಬೇಡ, ನೇರ ಸಸ್ಪೆಂಡ್. ಬೇರೆಯವರ ತಡೆಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಆಮದು ಮಾಡಬಹುದು. ಆಮದಿಗೆ ಮುನ್ನ ಬರುವ ಪಟ್ಟಿಯನ್ನು ಸಾಲು ಸಾಲಾಗಿ ಓದಿ, ನಿಮ್ಮವರ ಫಾಲೋ ಇರುವ ಸರ್ವರ್‌ಗಳ ಗುರುತು ತೆಗೆಯಿರಿ. ಪ್ರತಿ ತಡೆಗೂ ಖಾಸಗಿ ಟಿಪ್ಪಣಿಯಲ್ಲಿ ದಿನಾಂಕ, ಕಾರಣ ಬರೆದಿಡಿ.

ತಡೆದವರು ಸಾರ್ವಜನಿಕ ಪೋಸ್ಟ್‌ಗಳನ್ನು ಹಿಂಬಾಗಿಲಿನಿಂದ ಎಳೆದುಕೊಳ್ಳದಂತೆ ‘ಆಥರೈಸ್ಡ್ ಫೆಚ್’ ಎಂಬ ಸೆಟ್ಟಿಂಗ್ ಇದೆ. ಚಾಲೂ ಮಾಡಿದರೆ ಸಹಿಯಿಲ್ಲದ ಕೋರಿಕೆಗಳಿಗೆ ಉತ್ತರ ಸಿಗುವುದಿಲ್ಲ. ಬೆಲೆ: ಯಂತ್ರಕ್ಕೆ ಸ್ವಲ್ಪ ಹೆಚ್ಚು ಹೊರೆ. ಕಿರುಕುಳಕ್ಕೆ ಗುರಿಯಾಗುವವರು ಬಳಗದಲ್ಲಿದ್ದರೆ ಕೊಡಬಹುದಾದ ಬೆಲೆಯೇ.

ಕನ್ನಡದ ಫಿಲ್ಟರ್

ಬೇಡದ ಪದವಿರುವ ಪೋಸ್ಟ್ ಮರೆಮಾಡಲು ಸದಸ್ಯರು ತಂತಮ್ಮ ಖಾತೆಯಲ್ಲಿ ಹಾಕಿಕೊಳ್ಳುವ ಪದ ಫಿಲ್ಟರ್‌ನಲ್ಲಿ ‘ಪೂರ್ಣ ಪದ’ ಎಂಬ ಗುರುತು ಇಂಗ್ಲಿಷಿಗೆ ಸರಿ, ಕನ್ನಡಕ್ಕೆ ಸಲ್ಲದು. ವಿಭಕ್ತಿ ಅಂಟಿದೊಡನೆ ಪದ ತಪ್ಪಿಸಿಕೊಳ್ಳುತ್ತದೆ. ಗುರುತು ತೆಗೆದರೂ ಪೂರ್ತಿ ಸಾಲದು: ‘ಊರು’ ಎಂದು ಕೊಟ್ಟರೆ ‘ಊರಿಗೆ’, ‘ಊರಲ್ಲಿ’ ಸಿಗುವುದಿಲ್ಲ, ಯಾಕೆಂದರೆ ಕೊನೆಯ ಉಕಾರದ ಚಿಹ್ನೆಯೂ ಒಂದು ಅಕ್ಷರಸಂಕೇತವೇ. ‘ಊರ’ ಎಂದು ಕೊಟ್ಟರೆ ಮೂರೂ ಸಿಗುತ್ತವೆ, ರಕಾರದ ಸಂಕೇತ ಎಲ್ಲದರಲ್ಲೂ ಒಂದೇ. ಬೈಗುಳಕ್ಕೂ ಇದೇ ಸೂತ್ರ: ಕೊನೆಯ ಸ್ವರ ಕಳಚಿ ಕೊಡಿ. ತೀರ ಚಿಕ್ಕದಾದರೆ ಪಾಪದ ಪದಗಳೂ ಸಿಕ್ಕಿಬೀಳುತ್ತವೆ, ಹಾಗಾಗಿ ಮೂರು ಅಕ್ಷರಕ್ಕಿಂತ ಕಡಿಮೆಯದಕ್ಕೆ ‘ಮರೆಮಾಡು’ ಬೇಡ, ‘ಎಚ್ಚರಿಕೆ ತೋರಿಸು’ ಇಡಿ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ ಬೈಗುಳಕ್ಕೆ ನಾಲ್ಕಾರು ಕಾಗುಣಿತ ಬೇರೆಬೇರೆಯಾಗಿ ಸೇರಿಸಬೇಕು.

ಕಾನೂನು, ಆಮೇಲೆ ಬೀಗ

ಭಾರತದಲ್ಲಿ ನಡೆಸುವವರಿಗೆ 2021ರ ಐಟಿ ನಿಯಮಗಳು ಅನ್ವಯಿಸುತ್ತವೆ. ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕವನ್ನು ಸರ್ವರ್‌ನ ಪರಿಚಯ ಪುಟದಲ್ಲಿ ಹಾಕಿ. ಉತ್ತರ ಕೊಡುವ ಗಡುವುಗಳು ತಿದ್ದುಪಡಿಯಾಗುತ್ತಿರುತ್ತವೆ, ಜಾರಿಯಲ್ಲಿರುವ ಪಠ್ಯವನ್ನೇ ಓದಿ. ದೂರಿನ ಮೇಲೆ ತೆಗೆದ ವಿಷಯವನ್ನು 180 ದಿನ ಕಾಯ್ದಿಡಬೇಕು ಎಂದು ನಿಯಮ. ಮಾಸ್ಟೊಡಾನ್ 30ಕ್ಕೇ ಅಳಿಸುತ್ತದೆ. ಸಸ್ಪೆಂಡ್‌ಗೆ ಮುನ್ನ ಪ್ರತಿ ತೆಗೆದಿಡಿ. 2022ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದ ಪ್ರಕಾರ ಲಾಗ್‌ಗಳೂ 180 ದಿನ. ಉಬುಂಟುವಿನಲ್ಲಿ ಎಂಜಿನ್‌ಎಕ್ಸ್ ಲಾಗ್ 14 ದಿನಕ್ಕೆ ಸುತ್ತುತ್ತದೆ, ಬದಲಾಯಿಸಿ. ಸರ್ವರ್‌ಗೆ ಯಾರಾದರೂ ನುಗ್ಗಿದ್ದು ತಿಳಿದರೆ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ. ಮಕ್ಕಳ ಲೈಂಗಿಕ ದೌರ್ಜನ್ಯದ ಚಿತ್ರಕ್ಕೆ ಮಾತ್ರ ಪ್ರತಿ ತೆಗೆಯುವ ಕ್ರಮ ಬೇಡವೇ ಬೇಡ, ಇಟ್ಟುಕೊಳ್ಳುವುದೇ ಅಪರಾಧ. ವಿಳಾಸ, ಖಾತೆ, ಸಮಯ ಬರೆದುಕೊಂಡು ಕೂಡಲೇ ಪೊಲೀಸರಿಗೆ ತಿಳಿಸಿ.

ಒಂದು ದಿನ ನಿಲ್ಲಿಸಬೇಕಾಗಿ ಬಂದರೆ ಕನಿಷ್ಠ ಮೂರು ತಿಂಗಳು ಮೊದಲು ಹೇಳಿ. ಮಾಸ್ಟೊಡಾನ್ ತನ್ನ ಅಧಿಕೃತ ಪಟ್ಟಿಯ ಸರ್ವರ್‌ಗಳಿಂದ ಕೇಳುವುದೂ ಇಷ್ಟೇ. ಖಾತೆ ಬದಲಿಸುವಾಗ ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಬರೆದ ಪೋಸ್ಟ್‌ಗಳು ಬರುವುದಿಲ್ಲ, ಆದ್ದರಿಂದ ಎಲ್ಲರೂ ತಮ್ಮ ದತ್ತಾಂಶದ ಆರ್ಕೈವ್ ಇಳಿಸಿಕೊಳ್ಳಲಿ. ಕೊನೆಯ ದಿನ ಟೂಟ್‌ಸಿಟಿಎಲ್‌ನ ‘ಸೆಲ್ಫ್ ಡಿಸ್ಟ್ರಕ್ಟ್’ ಓಡಿಸಿ, ಅದು ಕೊಡುವ ಸಾಲನ್ನು ಸಂರಚನೆಯ ಕಡತಕ್ಕೆ ಸೇರಿಸಿ ಎಲ್ಲ ಪ್ರೊಸೆಸ್‌ಗಳನ್ನೂ ಮತ್ತೆ ಚಾಲೂ ಮಾಡಿ. ಆಗ ಗೊತ್ತಿರುವ ಸರ್ವರ್‌ಗಳಿಗೆಲ್ಲ ನಿಮ್ಮ ಖಾತೆಗಳನ್ನು ಅಳಿಸುವಂತೆ ಸಂದೇಶ ಹೋಗುತ್ತದೆ. ಒಮ್ಮೆ ಶುರುವಾದರೆ ಹಿಂದಿರುಗಲಾಗದು. ಸೈಡ್‌ಕಿಕ್‌ನ ಕ್ಯೂ, ರೀಟ್ರೈ ಪಟ್ಟಿ ಎರಡೂ ಖಾಲಿಯಾಗುವವರೆಗೆ ಯಂತ್ರ ಆರಿಸಬೇಡಿ. ಡೊಮೇನನ್ನು ಇನ್ನೂ ಒಂದೆರಡು ವರ್ಷ ನವೀಕರಿಸಿ ಇಟ್ಟುಕೊಳ್ಳಿ, ಬೇರೆ ಯಾರೋ ಕೊಂಡು ನಿಮ್ಮ ಸದಸ್ಯರ ಹಳೆಯ ವಿಳಾಸಗಳಲ್ಲಿ ಹೊಸ ಖಾತೆ ತೆರೆಯದಿರಲಿ.